ಆಯುಧಪೂಜೆಗಿಟ್ಟ ಏರ್ ರೈಫಲ್

ಅರ್ಪಿತಳಿಗೆ ಸ್ವಂತ ಏರ್ ರೈಫಲ್ ಕೊಡಿಸುವುದೆಂದು ತೀರ್ಮಾನವಾದ ಮೇಲೆ ಮನೆಯಲ್ಲಿ ಎಲ್ಲರಿಗೂ ಅದರ ಬಗ್ಗೆ ಒಂದೊಂದು ಅಭಿಪ್ರಾಯ ಹುಟ್ಟಿತು. ಅಂಗಡಿ ಅಂಗಡಿ ಸುತ್ತುವ ಕೆಲಸ ಮಾತ್ರ ತಾಯಿ ಶಾಲಿನಿಯ ಪಾಲಿಗೆ ಬಂತು. ಉತ್ತರಹಳ್ಳಿಯಲ್ಲಿ ಬಾಡಿಗೆಗೆ ಕೊಟ್ಟ ಮನೆಗಳು, ನಲ್ಲಿ ಸೋರುತ್ತದೆ ಎಂದು ಊಟದ ಹೊತ್ತಿಗೇ ಫೋನು ಮಾಡುವ ಬಾಡಿಗೆಯವರು, ಮಂಡಿನೋವಿನ ಅತ್ತೆ, ಇವೆಲ್ಲದರ ನಡುವೆ ಅವಳು ಈಗ ಬಂದೂಕಿನ ವಿದ್ಯೆಯನ್ನೂ ಕಲಿಯಬೇಕಾಯಿತು.

ಅರ್ಪಿತ ಡಿಗ್ರಿ ಎರಡನೇ ವರ್ಷದಲ್ಲಿದ್ದಳು. ಬನಶಂಕರಿಯ ಶೂಟಿಂಗ್ ಕ್ಲಬ್ಬೊಂದರಲ್ಲಿ ಕ್ಲಬ್ಬಿನದೇ ರೈಫಲ್ ಹಿಡಿದು ಕಲಿತವಳು. ಆ ರೈಫಲ್ಲಿನಲ್ಲಿ ಹೆಗಲಿಗೆ ಆನಿಸುವ ಹಿಡಿ ಉದ್ದ, ಇವಳ ತೋಳು ಗಿಡ್ಡ. ವಿಜಯದಶಮಿಯ ಮಾರನೆಯ ದಿನ ಅಲ್ಲೇ ಯೂನಿವರ್ಸಿಟಿ ತಂಡದ ಆಯ್ಕೆಯಿತ್ತು. ಅಳತೆಗೆ ಹೊಂದುವ ರೈಫಲ್ ಕೈಯಲ್ಲಿದ್ದರೆ ಹುಡುಗಿ ತಂಡಕ್ಕೆ ಬರುತ್ತಾಳೆ ಎಂದು ಕೋಚ್ ಚಿದಾನಂದ್ ಹೇಳಿದ್ದರು. ಇನ್ನೊಂದು ಆಯ್ಕೆಗೆ ಮತ್ತೆ ಒಂದು ವರ್ಷ ಕಾಯಬೇಕು.

ಅಂಗಡಿಯಲ್ಲಿ ಗಂಡ ದಿನೇಶನ ಕಣ್ಣು ಮೊದಲು ಬಿದ್ದದ್ದು ದೊಡ್ಡ ದುರ್ಬೀನು ಕೂರಿಸಿದ ಕಪ್ಪು ರೈಫಲ್ಲಿನ ಮೇಲೆ.

“ಇದು ನೋಡೆ, ಸಖತ್ತಾಗಿದೆ. ಪವರ್ ಜಾಸ್ತಿಯಂತೆ.”

“ಪವರ್ ಯಾಕ್ರೀ? ಹತ್ತು ಮೀಟರ್ ದೂರದಲ್ಲಿ ಒಂದು ಕಾಗದ ಇರತ್ತೆ. ಕಾಗದಕ್ಕೆ ಎಷ್ಟು ಪವರ್ ಬೇಕು?”

“ಇರ್ಲಿ ಬಿಡು. ಒಂದು ಗತ್ತು.”

“ಗತ್ತು ನಿಮ್ಮ ಬೈಕಲ್ಲಿ ತೋರ್ಸಿ.”

ಆಮೇಲೆ ದಿನೇಶನ ಗೆಳೆಯ ಕೊಟ್ರಪ್ಪ ಹಳೆಯ ರೈಫಲ್ಲೊಂದನ್ನು ಮನೆಗೇ ತಂದ. ಈ ಬಗೆಯ ರೈಫಲ್ಲಿನಲ್ಲಿ ಕೊಳವೆಯ ಕೆಳಗೆ ಒಂದು ಸಣ್ಣ ಸಿಲಿಂಡರ್ ಇರುತ್ತದೆ. ಮೊದಲೇ ಒತ್ತಿ ತುಂಬಿಟ್ಟ ಗಾಳಿಯೇ ಗುಂಡನ್ನು ತಳ್ಳುತ್ತದೆ. ಕಾರಿನ ಟೈರಿಗೆ ಹಾಕುವ ಗಾಳಿಗಿಂತ ನೂರು ಪಾಲು ಬಿಗಿ ಎಂದು ಚಿದಾನಂದ್ ಅಂದದ್ದು ಶಾಲಿನಿಗೆ ಮರೆತಿರಲಿಲ್ಲ. ಅಡುಗೆ ಗ್ಯಾಸ್ ಬಂದಾಗ ಸಿಲಿಂಡರಿನ ಕತ್ತಿನ ಮೇಲಿರುವ ತಾರೀಖು ಓದದೆ ಅವಳು ಒಳಗೆ ಬಿಟ್ಟುಕೊಂಡವಳಲ್ಲ. ಇದರ ಮೇಲೂ ಹುಡುಕಿದಳು. ಚಿಕ್ಕ ಅಕ್ಷರದಲ್ಲಿ ಕೆತ್ತಿದ್ದ ಅವಧಿ ಯಾವಾಗಲೋ ಮುಗಿದಿತ್ತು.

“ಅಕ್ಕ, ಗುಂಡ್ಕಲ್ಲಿದ್ದ ಹಾಗಿದೆ ಇದು. ಡೇಟೆಲ್ಲ ಸುಮ್ನೆ ಹಾಕ್ತಾರೆ,” ಅಂದ ಕೊಟ್ರಪ್ಪ.

“ಒಲೆ ಕೆಳಗಿಡೋ ಸಿಲಿಂಡರ್‌ಗೇ ಡೇಟ್ ನೋಡ್ತೀವಿ ಅಣ್ಣ. ಇದು ಮಗು ಕೆನ್ನೆ ಪಕ್ಕ ಇರತ್ತೆ. ಕಾಫಿ ಕುಡ್ಕೊಂಡು ಹೋಗಿ.”

ಕೊನೆಗೆ ಆರಿಸಿದ್ದು ನೋಡಲು ಸಪ್ಪೆಯಾದ, ಸ್ವಲ್ಪ ಹಗುರವಾದ ಒಂದು ರೈಫಲ್. ಅದರ ಹಿಡಿಯನ್ನು ತೋಳಿಗೆ ತಕ್ಕಂತೆ ಹಿಂದೆ ಮುಂದೆ ಮಾಡಬಹುದಿತ್ತು. ಚಿದಾನಂದ್ ಹೇಳಿಕೊಟ್ಟಿದ್ದಂತೆ ಅರ್ಪಿತ ಅಂಗಡಿಯ ಖಾಲಿ ಗೋಡೆಯ ಕಡೆ ತಿರುಗಿ, ಅದನ್ನು ಹೆಗಲಿಗಿಟ್ಟು ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಟ್ಟಾಗ ಗುರಿ ನೋಡುವ ತೂತು ತಾನಾಗಿ ಕಣ್ಣಿನ ಮುಂದೆ ಇರಬೇಕು. ಕತ್ತು ಬಗ್ಗಿಸಿ ಹುಡುಕುವಂತಿದ್ದರೆ ಆ ರೈಫಲ್ ನಮ್ಮದಲ್ಲ. ಅವಳು ಕತ್ತು ಬಗ್ಗಿಸಲಿಲ್ಲ. ಶಾಲಿನಿ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತು ಚಪ್ಪಲಿ ಕಳಚಿ ಕಾಲು ಚಾಚಿದಳು.

ರೈಫಲ್ ಮನೆಗೆ ಬಂದ ಮೇಲೆ ಕಟ್ಟುಪಾಡುಗಳು ಶುರುವಾದವು. ಗುಂಡಿಲ್ಲ ಎಂದು ಗೊತ್ತಿದ್ದರೂ ಇದೆ ಎಂದೇ ತಿಳಿಯಬೇಕು. ಮೂತಿ ಯಾರ ಕಡೆಗೂ ತಿರುಗಬಾರದು, ತಮಾಷೆಗೂ. ಸಿಲಿಂಡರ್ ಬಿಚ್ಚಿ ಬೇರೆ ಇಡಬೇಕು, ಗುಂಡಿನ ಡಬ್ಬಿ ಇನ್ನೊಂದು ಕಡೆ, ಎರಡಕ್ಕೂ ಬೀಗ. ಸೀಸದ ಗುಂಡು ಮುಟ್ಟಿದ ಕೈಯನ್ನು ತೊಳೆಯದೆ ತಟ್ಟೆಗೆ ಹಾಕಬಾರದು. ಬೀಗದ ಕೈ ಶಾಲಿನಿಯ ಬಳಿ ಇತ್ತು.

ಆಯುಧಪೂಜೆಯ ದಿನ ಅತ್ತೆ ಮುನಿಲಕ್ಷ್ಮಮ್ಮ ಒಂದೇ ಮಾತು ಕೇಳಿದರು.

“ಮನೇಲಿ ನಿಜವಾಗ್ಲೂ ಆಯುಧ ಅಂತ ಇರೋದು ಅದೊಂದೇ. ಸ್ಕೂಟರಿಗೆ ಹೂವ ಮುಡಿಸಿ ಅದನ್ನ ಬೀರುವಲ್ಲಿ ಕೂಡಾಕ್ತೀರಾ?”

ಶಾಲಿನಿ ಬೀರುವಿನ ಬೀಗ ತೆಗೆದಳು. ದೇವರ ಮನೆಯ ಮುಂದೆ ಮಣೆ ಹಾಕಿ ರೈಫಲ್ಲನ್ನು ಗೋಡೆಗೆ ಮೂತಿ ಮಾಡಿ ಮಲಗಿಸಿದರು. ಬಿಚ್ಚಿದ ಸಿಲಿಂಡರ್, ಗುಂಡಿನ ಡಬ್ಬಿ ಪಕ್ಕದಲ್ಲೇ ಕುಳಿತವು. ಯಾರೂ ಮುಟ್ಟಬೇಡಿ ಎಂದು ಹೇಳಿ ಶಾಲಿನಿ ಬೂದುಗುಂಬಳ, ನಿಂಬೆಹಣ್ಣು, ಬಾಡಿಗೆಯವರ ಮಕ್ಕಳಿಗೆ ಕಡ್ಲೆಪುರಿ ಎಂದು ಓಡಾಡಿದಳು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿ ಕಳೆಯುವವರೆಗೆ ಕದಲಿಸುವ ಹಾಗಿಲ್ಲ. ಸಿಲಿಂಡರಿನಲ್ಲಿ ಗಾಳಿ ಮುಗಿದಿತ್ತು. ಆಯ್ಕೆಯ ದಿನ ಬೆಳಿಗ್ಗೆ ಬೇಗ ಹೋಗಿ ಕ್ಲಬ್ಬಿನಲ್ಲೇ ತುಂಬಿಸುವುದೆಂದು ಅರ್ಪಿತ ಹೇಳಿದ್ದಳು.

ವಿಜಯದಶಮಿಯ ಸಂಜೆ ಹೂವು ತೆಗೆಯಲು ಬಗ್ಗಿದಾಗ ಶಾಲಿನಿಯ ಮೂಗಿಗೆ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಸಿಲಿಂಡರಿನ ಬಾಯಿಯ ತಿರುಪು ಮಿರಿಮಿರಿ ಮಿಂಚುತ್ತಿತ್ತು.

ಕ್ಲಬ್ಬಿನಲ್ಲಿ ಗಾಳಿ ತುಂಬುವ ಕಡೆ ಒಂದು ಬೋರ್ಡು ನೇತುಹಾಕಿದ್ದಾರೆ: ಎಣ್ಣೆ, ಗ್ರೀಸು ಸೋಕಿಸಬೇಡಿ. ಅವಳು ಅಲ್ಲೇ ನೆಲದ ಮೇಲೆ ಕುಳಿತು ಚಿದಾನಂದ್‌ಗೆ ಫೋನು ಮಾಡಿದಳು.

“ತುಂಬಿಸ್ಬೇಡಿ ಮೇಡಂ,” ಅಂದರು ಅವರು. “ಗಾಳಿ ಅಷ್ಟು ಜೋರಾಗಿ ನುಗ್ಗಿದಾಗ ಕಾಯುತ್ತೆ. ಒಳಗೆ ಎಣ್ಣೆ ಇದ್ರೆ ಹೊತ್ಕೊಳ್ಳುತ್ತೆ. ಸಿಲಿಂಡರ್ ಸಿಡಿದ್ರೆ ಕೈ ಇರಲ್ಲ, ಮುಖ ಇರಲ್ಲ. ಬರೀ ಹೊರಗೆ ಸೋಕಿದ್ಯಾ, ಒಳಗೂ ಹೋಗಿದ್ಯಾ, ಅದು ಗೊತ್ತಾಗ್ಬೇಕು. ಹೊರಗೆ ಮಾತ್ರ ಆದ್ರೆ ಬೆಳಿಗ್ಗೆ ತನ್ನಿ, ನಾನೇ ನೋಡ್ತೀನಿ. ಒಳಗೆ ಹೋಗಿದ್ರೆ ಬಿಚ್ಚಿ ತೊಳೀಬೇಕು. ನಾಳೆಗಂತೂ ಆಗಲ್ಲ.”

ಅರ್ಪಿತ ಕೋಣೆಯಿಂದ ಬಂದು ಕೇಳಿಸಿಕೊಂಡಳು.

“ಅಜ್ಜಿ, ನೀನು ಎಣ್ಣೆ ಹಚ್ಚಿದ್ಯಾ ಇದಕ್ಕೆ?”

“ನಾನ್ಯಾಕೆ ಹಚ್ಲಿ? ಅರಿಶಿನ ಕುಂಕುಮ ಇಟ್ಟೆ, ಅಷ್ಟೇ.” ಮುನಿಲಕ್ಷ್ಮಮ್ಮ ಟೀವಿಯ ಕಡೆಗೆ ತಿರುಗಿದರು.

“ನೋಡಮ್ಮ, ಹಚ್ಚಿಲ್ವಂತೆ. ದೀಪದಿಂದ ಸಿಡಿದಿರ್ಬೇಕು. ಬಟ್ಟೇಲಿ ಒರೆಸಿದ್ರೆ ಹೋಗುತ್ತೆ.”

“ಒರೆಸ್ಬೇಡ. ಇರು.”

ಜೋರು ಮಾಡಿ ಕೇಳಿದರೆ ಅತ್ತೆಯ ಬಾಯಿಂದ ಏನೂ ಹೊರಡುವುದಿಲ್ಲ ಎಂಬುದು ಶಾಲಿನಿಗೆ ಇಷ್ಟು ವರ್ಷದ ಸಂಸಾರದಲ್ಲಿ ಗೊತ್ತಾಗಿತ್ತು. ಆ ಕ್ಷಣ ಜೋರು ಮಾಡುವ ಶಕ್ತಿಯೂ ಅವಳಲ್ಲಿರಲಿಲ್ಲ. ಎರಡು ಲೋಟ ಕಾಫಿ ತಂದು ಅತ್ತೆಯ ಪಕ್ಕ ಕುಳಿತಳು. ಟೀವಿಯ ಸದ್ದು ತಗ್ಗಿಸಿದಳು.

“ಅತ್ತೆ, ಹೊಲ ಇದ್ದಾಗ ಆಯುಧಪೂಜೆ ಹೆಂಗ್ ಮಾಡ್ತಿದ್ರಿ?”

“ಈಗಿನ ಹಂಗಾ? ನೇಗಿಲು, ಕುಡ್ಲು, ಮಚ್ಚು, ಎಲ್ಲಾ ತೊಳ್ದು ಸಾಲಾಗಿ ಇಡ್ತಿದ್ದೆ. ಪಂಪ್‌ಸೆಟ್ಟೂ ಬಿಡ್ತಿರ್ಲಿಲ್ಲ. ಎಲ್ಲಕ್ಕೂ ಎಣ್ಣೆ ನಾನೇ ಹಾಕ್ಬೇಕು. ಈ ಗಂಡಸ್ರು ಮಾಡಿದ್ರೆ ಮೇಲ್ಮೇಲೆ ಸವರಿ ಎದ್ದು ಹೋಗ್ತಾರೆ.”

“ತಿರುಪಿಗೆ?”

“ತಿರುಪಿಗೆ ಒಳಕ್ಕೆ ಬಿಡ್ಬೇಕು. ಇಲ್ದಿದ್ರೆ ತುಕ್ಕು ಹಿಡ್ದು ಕೂತ್ಕೊಳ್ತದೆ, ಆಮೇಲೆ ಯಾವ ಮಗನ ಕೈಲೂ ಬಿಚ್ಚಕ್ಕಾಗಲ್ಲ. ದೀಪದ ಬತ್ತಿ ಅದ್ದಿ ಹಿಡಿದ್ರೆ ಸರಿಯಾಗಿ ಒಳಕ್ಕೇ ತೊಟ್ಟಿಕ್ತದೆ.”

“ಇದಕ್ಕೂ ಹಂಗೇ ಬಿಟ್ರಾ?”

ಮುನಿಲಕ್ಷ್ಮಮ್ಮ ಲೋಟ ಕೆಳಗಿಟ್ಟರು. “ಮಗೂ ಕೈಗೆ ಬಿಗಿ ಆಗ್ಬಾರ್ದು ಅಂತ. ಎರಡು ತೊಟ್ಟು, ಅಷ್ಟೇಯ.” ಮಣೆಯ ಕಡೆ ಕಣ್ಣು ಹಾಯಿಸಿ ಕೇಳಿದರು, “ಏನಾಗ್ತದೆ?”

ಶಾಲಿನಿ ಬಣ್ಣ ಕಟ್ಟದೆ, ಮುಚ್ಚಿಡದೆ ಹೇಳಿದಳು. ಸಿಡಿಯಬಹುದು. ಮಗುವಿನ ಕೈಯಲ್ಲೇ.

“ಎಣ್ಣೆಯಿಂದ ಕೆಟ್ಟಿದ್ದು ನಾನೊಂದೂ ನೋಡಿಲ್ಲವಲ್ಲೇ,” ಅಂದರು ಮುದುಕಿ.

ಅರ್ಪಿತ ಬಾಗಿಲಲ್ಲೇ ನಿಂತಿದ್ದಳು. “ಎರಡು ತೊಟ್ಟು ತಾನೆ ಅಮ್ಮ. ಬೋರಲು ಹಾಕಿದ್ರೆ ಸೋರಿ ಹೋಗುತ್ತೆ. ನಿಧಾನಕ್ಕೆ ತುಂಬಿಸ್ತೀನಿ. ಒಳಗೆ ಹೋಗಿದೆ ಅಂತ ಚಿದಾನಂದ್ ಸರ್‌ಗೆ ಹೇಳೋದೇ ಬೇಡ. ಪ್ಲೀಸ್.”

“ಆಗಲ್ಲ.”

“ಇದು ಹೋದ್ರೆ ಮುಂದಿನ ವರ್ಷ ಕಣಮ್ಮ.”

“ಮುಂದಿನ ವರ್ಷ ಬರುತ್ತೆ. ಬೆರಳು ಬರಲ್ಲ.”

ಶಾಲಿನಿ ಸಿಲಿಂಡರನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿಗೆ ಹಾಕಿ ಬೀಗ ತಿರುಗಿಸಿದಳು. ಅರ್ಪಿತ ಕೋಣೆಯ ಬಾಗಿಲು ಹಾಕಿಕೊಂಡಳು. ಊಟಕ್ಕೆ ಕರೆದರೆ ಬರಲಿಲ್ಲ. ದಿನೇಶ ಹೋಗಿ ಬಾಗಿಲ ಹೊರಗೆ ನಿಂತು ಏನೇನೋ ಹೇಳಿ, ಸೋತು ಬಂದು ಅನ್ನ ಕಲಸಿಕೊಂಡ.

ಬೆಳಿಗ್ಗೆ ಕಾರು ಹೊರಡುವಾಗ ಮುನಿಲಕ್ಷ್ಮಮ್ಮ ಸೀರೆ ಬದಲಿಸಿ ಬಂದು ಹಿಂದಿನ ಸೀಟಿನಲ್ಲಿ ಕುಳಿತರು. ಸುಬ್ರಹ್ಮಣ್ಯಪುರದ ರಸ್ತೆಯ ತುಂಬ ಒಡೆದ ಕುಂಬಳಕಾಯಿಯ ಲೋಳೆ ಹರಡಿತ್ತು. ದಿನೇಶ ನಿಧಾನವಾಗಿ ಓಡಿಸಿದ.

ಅರ್ಪಿತ ಕ್ಲಬ್ಬಿನ ರೈಫಲ್ ಹಿಡಿದು ನಿಂತಳು. ಹಿಡಿಯನ್ನು ಎಷ್ಟು ಒಳಗೆ ತಳ್ಳಿದರೂ ಅವಳಿಗೆ ಅದು ಉದ್ದವೇ. ಒಂದೊಂದು ಗುಂಡಿಗೂ ಕತ್ತು ಬಗ್ಗುತ್ತಿತ್ತು. ಮಧ್ಯೆ ಒಮ್ಮೆ ಅವಳು ರೈಫಲ್ ಕೆಳಗಿಟ್ಟು, ಮೂತಿಯನ್ನು ಗುರಿಯ ಕಡೆಗೇ ಬಿಟ್ಟು, ತೋಳು ಜಾಡಿಸಿಕೊಂಡಳು. ಶಾಲಿನಿ ಗಾಜಿನ ಹಿಂದೆ ನಿಂತು ನೋಡಿದಳು. ಫಲಿತಾಂಶದ ಹೊತ್ತಿಗೆ ತಂಡದಲ್ಲಿ ಅರ್ಪಿತಳ ಹೆಸರಿರಲಿಲ್ಲ. ಅವಳಿಗಿಂತ ಸ್ವಲ್ಪವೇ ಮುಂದಿದ್ದ ಹುಡುಗಿಗೆ ಕೊನೆಯ ಸ್ಥಾನ ಸಿಕ್ಕಿತ್ತು.

ಶಾಲಿನಿ ಚೀಲದಿಂದ ಸಿಲಿಂಡರ್ ತೆಗೆದು ಚಿದಾನಂದ್ ಕೈಗೆ ಕೊಟ್ಟಳು. ಎಲ್ಲೆಲ್ಲಿ ಎಣ್ಣೆ ಹೋಗಿದೆಯೆಂದು ಅವರು ಕೇಳುವ ಮೊದಲೇ ಮುನಿಲಕ್ಷ್ಮಮ್ಮ ಮಂಡಿ ಹಿಡಿದುಕೊಂಡು ಎದ್ದು ಬಂದರು.

“ಹಾಕಿದ್ದು ನಾನು. ನಾನೇ ತೋರಿಸ್ತೀನಿ. ಆ ಉದ್ದ ಚೀಲದಲ್ಲಿರೋದೂ ತೆಗೀರಿ.”

ಚಿದಾನಂದ್ ಅರ್ಪಿತಳ ರೈಫಲ್ಲನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಮುದುಕಿಯ ಬೆರಳು ಸಿಲಿಂಡರಿನ ಬಾಯಿಯಿಂದ ಅದು ಕೂರುವ ಜಾಗಕ್ಕೆ, ಅಲ್ಲಿಂದ ಗುಂಡು ಹಾಕುವ ಬಾಗಿಲಿನ ಕೀಲಿಗೆ ಹೋಯಿತು. ಪ್ರತಿ ಸಲವೂ “ಇಲ್ಲೊಂದು ತೊಟ್ಟು” ಅಂದರು. ರೈಫಲ್ಲಿನ ಒಳಗೂ ಎಣ್ಣೆ ಇದೆಯೆಂಬುದು ಆಗಲೇ ಎಲ್ಲರಿಗೂ ಗೊತ್ತಾದದ್ದು. ಚಿದಾನಂದ್ ಶಾಲಿನಿಯ ಮುಖ ನೋಡಿದರು. ಸಿಲಿಂಡರನ್ನು ಒರೆಸಿದ್ದರೂ, ಹೊಸದನ್ನೇ ಹಾಕಿದ್ದರೂ ಆ ಒಳಗಿನ ಎಣ್ಣೆಯಿಂದ ಅಪಾಯ ತಪ್ಪುತ್ತಿರಲಿಲ್ಲ.

ಅರ್ಪಿತ ಹತ್ತಿರ ಬಂದಳು. ಸೋತ ಮುಖ, ಕೆಂಪಾದ ಕಣ್ಣು. ಅಜ್ಜಿಯ ಜೊತೆ ನಿನ್ನೆ ಸಂಜೆಯಿಂದ ಮಾತಾಡಿರಲಿಲ್ಲ.

“ಇನ್ನೆಲ್ಲಾದ್ರೂ ಇದ್ಯಾ ಅಜ್ಜಿ? ನೆನಪು ಮಾಡ್ಕೊಂಡು ಹೇಳು.”

“ಎಣ್ಣೆ ಅಷ್ಟೇ ಕಣೆ,” ಅಂದರು ಮುನಿಲಕ್ಷ್ಮಮ್ಮ. “ಆ ಡಬ್ಬಿ ಗುಂಡುಗಳಿಗೆ ಕುಂಕುಮ ಇಟ್ಟಿದ್ದೀನಿ. ಒಂದೊಂದಕ್ಕೂ.”

ಅರ್ಪಿತ ಅಜ್ಜಿಯ ಬೆರಳುಗಳನ್ನು ನೋಡಿದಳು. ಅಜ್ಜಿಯ ಮೊಣಕೈ ಹಿಡಿದು ನಲ್ಲಿಯ ಕಡೆ ನಡೆಸಿದಳು.

“ಬಾ, ಮೊದ್ಲು ಸೋಪು ಹಾಕಿ ಕೈ ತೊಳ್ಕೊ. ಅದೆಲ್ಲ ಸೀಸ.”

ಶಾಲಿನಿ ಅಲ್ಲಿದ್ದ ಬೆಂಚಿನ ಮೇಲೆ ಕುಳಿತಳು. ಬಾಡಿಗೆಯವರ ಫೋನು ಬಂತು. ಅದು ನಿಲ್ಲುವವರೆಗೂ ಬಡಿದುಕೊಳ್ಳಲಿ ಎಂದು ಬಿಟ್ಟಳು.