ಅಲ್ಲಾಡದೆ ನಿಂತ ಹುಡುಗಿ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಜಯಶೀಲಾ ಚಿತ್ರಗಳ ಚೀಲವನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಪಕ್ಕದಲ್ಲಿ ಕೂತ ಮಗಳು ಸ್ಫೂರ್ತಿ, "ಕೊಡಮ್ಮ, ಮೇಲಿಡ್ತೀನಿ" ಅಂದರೆ, "ಬೇಡ, ಮಡಚಿ ಹೋಗುತ್ತೆ" ಎಂದು ಇನ್ನಷ್ಟು ಒತ್ತಿ ಹಿಡಿದಳು. ಅರವತ್ತು ದಾಟಿದ ಮೇಲೆ ಕೆಲಸ ಕೇಳಿಕೊಂಡು ಹೊರಟ ಮುಜುಗರವೆಲ್ಲ ಆ ಹಿಡಿತದಲ್ಲಿತ್ತು.

ಹೊರಡಿಸಿದವಳು ಮಗಳೇ. ತರೀಕೆರೆಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಸ್ಫೂರ್ತಿ ಹಬ್ಬಕ್ಕೆ ಬಂದಾಗ ಟ್ರಂಕು ತೆಗೆದು, ಅಮ್ಮನ ಹಳೆಯ ಚಿತ್ರಗಳ ಫೋಟೋ ಹಿಡಿದು, ಶಿವಮೊಗ್ಗದ ರವೀಂದ್ರನಗರದಲ್ಲಿ ಮಕ್ಕಳ ಪುಸ್ತಕ ಹೊರತರುವ ಒಂದು ಪ್ರಕಾಶನಕ್ಕೆ ಕಳಿಸಿದ್ದಳು. ಚಿತ್ರ ಬರೆಯುವವರು ಬೇಕಾಗಿದ್ದಾರೆ ಎಂದು ಅವರು ಫೇಸ್‌ಬುಕ್ಕಿನಲ್ಲಿ ಹಾಕಿದ್ದರು. "ಅಮ್ಮನನ್ನು ಕರಕೊಂಡು ಬನ್ನಿ" ಎಂದು ಉತ್ತರ ಬಂದ ದಿನ ಜಯಶೀಲಾ, "ನನಗ್ಯಾಕೆ ಇದೆಲ್ಲ ಮಾರಾಯ್ತಿ" ಅಂದಳು. ಮರುದಿನ ತಾನೇ ಹೋಗಿ ಹೊಸ ಕುಂಚ ತಂದಳು.

ಈ ದಾರಿ ಇಬ್ಬರಿಗೂ ಹೊಸದಲ್ಲ. ಸ್ಫೂರ್ತಿ ಎರಡನೇ ಕ್ಲಾಸಿನಲ್ಲಿದ್ದಾಗ ಶಿವಮೊಗ್ಗದ ಗಾಂಧಿ ಬಜಾರಿನ ಪ್ರೆಸ್ಸೊಂದರಿಂದ ಮಕ್ಕಳ ಮಾಸಪತ್ರಿಕೆ ಬರುತ್ತಿತ್ತು. ಅದರ ಕಥೆಗಳಿಗೆಲ್ಲ ಜಯಶೀಲಾಳದೇ ಚಿತ್ರ. ಗಂಡ ಓಂಕಾರಪ್ಪ ಕಾಗದದ ಕಾರ್ಖಾನೆಯ ಪಾಳಿಗೆ ಹೋದ ಮೇಲೆ ಕ್ವಾರ್ಟರ್ಸಿನ ಮನೆಗೆ ಬೀಗ ಹಾಕಿ, ಮಗಳ ಕೈ ಹಿಡಿದು ಬಸ್ಸು ಹತ್ತುತ್ತಿದ್ದಳು. ಪ್ರೆಸ್ಸಿನ ವೀರಪ್ಪನವರು ಒಂದೊಂದೇ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುವಷ್ಟು ಹೊತ್ತೂ ಸ್ಫೂರ್ತಿ ಕಾಗದದ ಕಟ್ಟುಗಳ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಹೊರಬಂದ ಮೇಲೆ ತಾಯಿ ಮಗಳಿಗೆ ಸೇರಿ ಒಂದು ಗ್ಲಾಸು ಬಾದಾಮಿ ಹಾಲು. ವೀರಪ್ಪನವರು ತೀರಿಕೊಂಡರು, ಪತ್ರಿಕೆ ನಿಂತಿತು. ಆಮೇಲೆ ಜಯಶೀಲಾ ಬರೆದದ್ದೆಲ್ಲ ಶಾಲೆಗಳ ಚಾರ್ಟು, ಕಾಲೇಜು ಮಕ್ಕಳ ಜೀವಶಾಸ್ತ್ರದ ರೆಕಾರ್ಡು. ಕಪ್ಪೆಯ ಹೃದಯ, ದಾಸವಾಳದ ಸೀಳು ನೋಟ.

ಶಿವಮೊಗ್ಗದಲ್ಲಿ ಇಳಿದಾಗ ಇನ್ನೂ ಹೊತ್ತಿತ್ತು. "ಬಜಾರ್ ಕಡೆ ಹೋಗಿ ಬರೋಣ?" ಎಂದಳು ಜಯಶೀಲಾ, ಬೇರೆ ಕಡೆ ನೋಡುತ್ತ.

ಪ್ರೆಸ್ಸಿದ್ದ ಜಾಗದಲ್ಲಿ ಬ್ಲೌಸ್ ಪೀಸಿನ ಅಂಗಡಿ. ಅಂಗಡಿಯವನು, "ಬನ್ನಿ ಅಕ್ಕ, ಹೊಸ ಮಾಲ್ ಬಂದಿದೆ" ಅಂದ. ಇಲ್ಲಿ ಪ್ರೆಸ್ಸಿತ್ತಲ್ಲ ಎಂದು ಕೇಳಿದ್ದಕ್ಕೆ, "ಪ್ರೆಸ್ಸಾ? ನಾವು ಬಂದಾಗಲೂ ಬಟ್ಟೆ ಅಂಗಡಿನೇ ಇತ್ತಕ್ಕ" ಅಂದು ಬೇರೆ ಗಿರಾಕಿಯ ಕಡೆ ತಿರುಗಿದ. ಜಯಶೀಲಾ ಮೂಗರಳಿಸಿದಳು. ಶಾಯಿಯ, ಸೀಮೆಎಣ್ಣೆಯ ವಾಸನೆ ಒಂದಿಷ್ಟಾದರೂ ಉಳಿದಿರಬಹುದೇ? ಹೊಸ ಬಟ್ಟೆಯ ಗಂಜಿ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಅಗೋ, ಆ ಮೂಲೇಲಿ ಕೂರ್ತಿದ್ದೆ ನೀನು."

"ನಂಗೆ ಬಾದಾಮಿ ಹಾಲು ಬಿಟ್ಟು ಏನೂ ನೆನಪಿಲ್ಲಮ್ಮ" ಎಂದಳು ಸ್ಫೂರ್ತಿ. ಜಯಶೀಲಾ ನಕ್ಕಳು. ಆದರೂ ಅನ್ನಿಸಿತು: ಆ ದಿನಗಳನ್ನು ಇನ್ನು ತಾನೊಬ್ಬಳೇ ಕಾಯ್ದಿಟ್ಟುಕೊಳ್ಳಬೇಕು.

ಪ್ರಕಾಶನದ ಸುಘೋಷನಿಗೆ ಸ್ಫೂರ್ತಿಯಷ್ಟೇ ವಯಸ್ಸು. ಮನೆಯ ಮುಂದಿನ ಕೋಣೆಯೇ ಆಫೀಸು. ಚಿತ್ರಗಳನ್ನು ನೆಲದ ಮೇಲೆ ಹರಡಿ, ಮಂಡಿಯೂರಿ ಕೂತು ನೋಡಿದ.

"ಗೆರೆ ತುಂಬಾ ಚೆನ್ನಾಗಿದೆ ಅಮ್ಮ. ಇಂಥ ಕೈ ಈಗ ಸಿಗಲ್ಲ. ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಲ್ಲಿರೋ ಹುಡುಗೀರೆಲ್ಲ ಒಬ್ಬಳೇ. ಅದೇ ಎರಡು ಜಡೆ, ಅದೇ ಗಲ್ಲ. ಆಮೇಲೆ, ಎಲ್ಲರೂ ಫೋಟೋಗೆ ನಿಂತ ಹಾಗೆ ನಿಂತಿದಾರೆ."

ಜಯಶೀಲಾ ತಲೆ ತಗ್ಗಿಸಿದಳು. ಸ್ಫೂರ್ತಿ ಮಾತ್ರ ಬಗ್ಗಿ ಒಂದು ಚಿತ್ರ ಎತ್ತಿಕೊಂಡಳು. ಕೈಯಲ್ಲಿ ಬುಟ್ಟಿ ಹಿಡಿದ ರಾಜಕುಮಾರಿ.

"ಇದು ನಾನು" ಎಂದಳು. "ಬುಟ್ಟಿ ಹಿಡ್ಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಕೈ ನೋಯ್ತಿತ್ತು. ನೀನು ಅಲ್ಲಾಡಬೇಡ, ಅಲ್ಲಾಡಬೇಡ ಅಂತಿದ್ದೆ."

ಜಯಶೀಲಾ ಮಗಳ ಮುಖ ನೋಡಿದಳು. ಎಲ್ಲವನ್ನೂ ಮರೆತಿದ್ದಾಳೆ ಅಂದುಕೊಂಡಿದ್ದಳಲ್ಲ.

"ಮತ್ಯಾರನ್ನ ನಿಲ್ಲಿಸ್ಲಿ? ಮನೇಲಿ ಇದ್ದವಳು ನೀನೊಬ್ಬಳೇ."

ಸುಘೋಷ ಚಿತ್ರಗಳನ್ನು ಜೋಡಿಸಿಟ್ಟು, ಒಂದು ಕಥೆಯ ಪ್ರತಿ ಕೊಟ್ಟ. ಕುಂಸಿಯ ಶಾಲೆಯ ಹುಡುಗಿಯೊಬ್ಬಳು ಕಬಡ್ಡಿ ತಂಡ ಸೇರುವ ಕಥೆ. "ಮೊದಲು ಎರಡೇ ಪುಟಕ್ಕೆ ಚಿತ್ರ ಬರೆದು ಕಳಿಸಿ. ನೋಡೋಣ. ಗ್ಯಾರಂಟಿ ಕೊಡಲ್ಲ."

ಬೀದಿಗೆ ಬಂದ ಮೇಲೆ ಜಯಶೀಲಾ, "ಆಗಲ್ಲ ಬಿಡೆ. ಓಡೋ ಮಕ್ಕಳನ್ನ ನಾನು ಯಾವತ್ತೂ ಬರೆದವಳಲ್ಲ" ಎಂದಳು.

"ನೋಡಿಕೊಂಡು ಬರಿ. ಊರಿಗೆ ಸಂಜೆ ಹೋದರಾಯ್ತು."

ಸ್ಫೂರ್ತಿ ವಿಚಾರಿಸಿ, ಹೆಣ್ಣುಮಕ್ಕಳು ಕಬಡ್ಡಿ ಅಭ್ಯಾಸ ಮಾಡುವ ಮೈದಾನಕ್ಕೆ ಕರೆದೊಯ್ದಳು. ಜಯಶೀಲಾ ಕಲ್ಲುಬೆಂಚಿನ ಮೇಲೆ ಕೂತು ಪೆನ್ಸಿಲ್ ಹಿಡಿದಳು. ಒಬ್ಬಳ ಭುಜ ಬರೆಯುವಷ್ಟರಲ್ಲಿ ಅವಳು ಗೆರೆ ದಾಟಿ ಎದುರಾಳಿಗಳ ನಡುವೆ ನುಗ್ಗಿರುತ್ತಿದ್ದಳು. ಹಾಳೆ ಮೇಲೆ ಹಾಳೆ ಕೆಟ್ಟಿತು. ಬಾಯಿ ತೆರೆದರೆ ನಿಲ್ಲು ಎಂಬ ಮಾತೇ ಬರುತ್ತಿತ್ತು. ನುಂಗಿಕೊಂಡಳು.

ಅಷ್ಟರಲ್ಲಿ ದಪ್ಪನೆಯ ಹುಡುಗಿಯೊಬ್ಬಳನ್ನು ಎದುರಿನವರೆಲ್ಲ ಸೇರಿ ಕೆಡವಿದರು. ಮಣ್ಣಿನಲ್ಲಿ ತೆವಳುತ್ತಲೇ ಅವಳು ಕೈ ಚಾಚಿ ನಡುಗೆರೆ ಮುಟ್ಟಿದಳು. ಜಯಶೀಲಾ ಕಾಗದ ನೋಡದೆ ಗೆರೆ ಎಳೆದಳು. ಮುಖವಿಲ್ಲ, ಜಡೆಯಿಲ್ಲ. ಬೆನ್ನಿನ ಬಾಗು, ಚಾಚಿದ ತೋಳು, ಅಷ್ಟೇ. ಆದರೆ ಆ ತೋಳಿನಲ್ಲಿ ಜೀವವಿತ್ತು.

ಆಟ ನಿಂತಾಗ ಹುಡುಗಿಯರು ಬಂದು ಸುತ್ತುವರಿದರು. ಬಿದ್ದಿದ್ದ ಹುಡುಗಿ ಚಿತ್ರ ನೋಡಿ, "ಅಜ್ಜಿ, ನಾನು ಇಷ್ಟು ದಪ್ಪ ಇದೀನಾ?" ಅಂದಳು.

"ಇದೀಯ. ಅದಕ್ಕೇ ಅಷ್ಟು ಜನ ಹಿಡಿದರೂ ಎಳ್ಕೊಂಡು ಬಂದೆ" ಎಂದಳು ಜಯಶೀಲಾ. ಹುಡುಗಿಗೆ ಆ ಮಾತು ಹಿಡಿಸಿತು. "ಹಾಗಾದ್ರೆ ಸರಿಯಾಗಿ ಬರೀರಿ" ಎಂದು ಹೇಳಿ ಹೋದಳು.

ವಾಪಸು ಬಸ್ಸಿನಲ್ಲಿ ಸ್ಫೂರ್ತಿ ಕೇಳಿದಳು, "ಇನ್ಮೇಲೆ ನನ್ನ ಬರೆಯಲ್ವಾ?"

"ನೀನು ಯಾವಾಗ ಸುಮ್ನೆ ನಿಲ್ತೀಯ ಈಗ? ಭಾನುವಾರ ಬಂದ್ರೆ ಸಂಜೆ ಹೊರಟಿರ್ತೀಯ." ಜಯಶೀಲಾ ಮಗಳ ಬೆರಳುಗಳನ್ನು ಕೈಗೆತ್ತಿಕೊಂಡಳು. "ಆಗ ನಿನ್ನ ಕೈ ನೋಯ್ತಿತ್ತು ಅಂತ ಗೊತ್ತಿರಲಿಲ್ಲ ನಂಗೆ."

"ಎದುರಿಗೆ ಕೂತು ನೀನು ಅಷ್ಟು ಹೊತ್ತು ನನ್ನೇ ನೋಡ್ತಿದ್ದೆಯಲ್ಲ. ನಂಗದು ಇಷ್ಟ ಇತ್ತು" ಎಂದಳು ಸ್ಫೂರ್ತಿ.

ಎರಡು ಪುಟ ಹೋದವು. ಒಂದು ತಿದ್ದಲು ವಾಪಸು ಬಂತು. ಶೂಗಳು ಈಗಿನವಲ್ಲ ಎಂದಿದ್ದ ಸುಘೋಷ. ತಿದ್ದಿ ಕಳಿಸಿದ ವಾರವೇ ಫೋನು ಬಂತು: ಪೂರ್ತಿ ಪುಸ್ತಕಕ್ಕೆ ನೀವೇ ಚಿತ್ರ ಬರೆಯಿರಿ. ಮಾತಾಡಲು ಸೋಮವಾರ ಬನ್ನಿ.

ಸೋಮವಾರ ಸ್ಫೂರ್ತಿಗೆ ರಜೆಯಿರಲಿಲ್ಲ. ಜಯಶೀಲಾ ಗಂಡನಿಗೆ ಮಧ್ಯಾಹ್ನದ ಅಡುಗೆ ಮುಚ್ಚಿಟ್ಟು, ಮೈದಾನದಲ್ಲಿ ಆಟ ಮುಗಿಯುವವರೆಗೂ ಬರುವುದಿಲ್ಲ ಎಂದು ಹೇಳಿ, ಒಬ್ಬಳೇ ಬಸ್ಸು ಹತ್ತಿದಳು.