ಸದ್ದಿಲ್ಲದ ಶೂ

ಶೂ ಅಂಗಡಿಯವನು ಅವಳ ಹಳೆಯ ಶೂವನ್ನು ಎರಡು ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದ. ಹೆಬ್ಬೆರಳಿನಿಂದ ಸೋಲ್ ಒತ್ತಿ ನೋಡಿದ. ಆಮೇಲೆ ಅದನ್ನು ಕೌಂಟರಿನ ಮೇಲೆ ಕುಕ್ಕಿದ.

"ಇದು ಸತ್ತು ಯಾವ ಕಾಲವಾಯ್ತೋ ಅಮ್ಮಾ. ಒಳಗಿನ ಮೆತ್ತೆಯೆಲ್ಲ ಕಲ್ಲಾಗಿದೆ. ಇದನ್ನ ಹಾಕ್ಕೊಂಡು ಓಡೋ ಬದಲು ಬರಿಗಾಲಲ್ಲಿ ಸಿಮೆಂಟ್ ಮೇಲೆ ಕುಣೀಬಹುದು."

"ನೋಡೋಕೆ ಚೆನ್ನಾಗೇ ಇದೆಯಲ್ಲ."

"ನೋಡೋಕೆ ನಾನೂ ಚೆನ್ನಾಗೇ ಇದ್ದೀನಿ. ನನ್ನ ಮಂಡೀನ ಕೇಳಿ, ಅದು ಹೇಳುತ್ತೆ ನಿಜಾನ."

ಬೆಂಚಿನ ಮೇಲೆ ಕೂತಿದ್ದ ಅವಳ ಗಂಡ ನಕ್ಕ. ಅವನಿಗೆ ಕಣ್ಣು ಕಾಣುವುದಿಲ್ಲ. ಅವನ ವ್ಯಾಪಾರ ಆಗಲೇ ಮುಗಿದಿತ್ತು. ಅಂಗಡಿಯವನಿಗೆ ಬಾಯಿ ಜೋರು, ಆದರೆ ಕೆಲಸ ಗೊತ್ತು. ಸಂಜೆಯ ಹೊತ್ತಿಗೆ ಪಾದ ಊದಿಕೊಂಡಿರುತ್ತೆ, ಆಗಲೇ ಬನ್ನಿ ಎಂದು ಕರೆಸಿಕೊಂಡಿದ್ದ. ಗಂಡನ ಎರಡೂ ಪಾದ ಅಳೆದು, ದೊಡ್ಡ ಪಾದದ ಅಳತೆಗೇ ಶೂ ತಂದು, ಬೆರಳ ಮುಂದೆ ಹೆಬ್ಬೆಟ್ಟಿನಷ್ಟು ಜಾಗ ಇದೆಯೇ ಎಂದು ಒತ್ತಿ ನೋಡಿ, ಮೊಣಕೈ ಹಿಡಿದು ಅಂಗಡಿಯ ಉದ್ದಕ್ಕೂ ಅವನನ್ನು ನಡೆಸಿದ್ದ. ಈಗ ಅವಳ ಸರದಿ.

"ನೋವೇನಾದ್ರೂ ಇದೆಯಾ? ಇಂಥ ಶೂನಲ್ಲಿ ಓಡಿದೋರಿಗೆ ಇರದೇ ಇರಲ್ಲ."

"ಮೊಣಕಾಲಿನ ಕೆಳಗೆ ಮೂಳೆ ಸ್ವಲ್ಪ."

"ಅಂಗೈಯಿಂದ ತೋರಿಸ್ತೀರೋ, ಬೆರಳಿಂದ ತೋರಿಸ್ತೀರೋ?"

"ಎರಡಕ್ಕೂ ಏನು ವ್ಯತ್ಯಾಸ?"

"ವ್ಯತ್ಯಾಸ ಇರೋದೇ ಅಲ್ಲಿ. ನೋವು ಉದ್ದಕ್ಕೂ ಹರಡಿದ್ರೆ ಜನ ಅಂಗೈಯಿಂದ ಸವರಿ ತೋರಿಸ್ತಾರೆ. ಅದಕ್ಕೆ ಐಸ್ ಇಡಿ, ಒಂದಷ್ಟು ದಿನ ಓಟ ಬಿಡಿ, ಮೆತ್ತನೆ ಶೂ ಹಾಕ್ಕೊಳ್ಳಿ, ಹೋಗುತ್ತೆ. ಬೆರಳಿಟ್ಟು 'ಇಲ್ಲೇ' ಅನ್ನೋ ಹಾಗಿದ್ರೆ ಅದು ಮೂಳೆ ಬಿರುಕು. ಅದಕ್ಕೆ ನಾನಲ್ಲ, ಮೂಳೆ ಡಾಕ್ಟ್ರು."

ಅವಳು ಗಂಡನತ್ತ ನೋಡಿದಳು. ಅವನು ಈ ಕಡೆ ಮುಖ ಮಾಡಿ ಕೂತಿದ್ದ. ಅವಳು ಅಂಗೈಯನ್ನು ಬಲಗಾಲಿನ ಮೂಳೆಯ ಉದ್ದಕ್ಕೂ ಸವರಿ, "ಅಂಗೈ," ಎಂದಳು. ನಿಜ ಹೇಳಬೇಕೆಂದರೆ ಬೆರಳೇ ಸಾಕಿತ್ತು.

ಯಾಕೆ ಹಾಗೆ ಮಾಡಿದಳು ಎಂದು ಕೇಳಿದರೆ, ಕುರ್ಚಿಯ ದೆಸೆಯಿಂದ.

ಗಂಡ ಮೊದಲು ಕಟ್ಟಡಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದ. ಕಣ್ಣಿನ ಅಂಚುಗಳಿಂದ ಶುರುವಾದ ಕತ್ತಲು ವರ್ಷಗಟ್ಟಲೆ ನಿಧಾನವಾಗಿ ನಡುವಿಗೆ ಬಂತು. ಪೂರ್ತಿ ಕತ್ತಲಾದ ಮೇಲೆ ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ. ಕೂತವನು ಕೂತೇ ಇದ್ದ. ಗಡ್ಡ ಬೆಳೆಯಿತು, ಮಾತು ನಿಂತಿತು, ಇಟ್ಟ ಊಟ ಇಟ್ಟ ಹಾಗೇ ಆರುತ್ತಿತ್ತು. ಒಂದು ದಿನ ಅವಳು ಕೆಲಸದಿಂದ ಬರುವಷ್ಟರಲ್ಲಿ ಕುರ್ಚಿ ಖಾಲಿಯಿತ್ತು. ಗಂಡ ಕಿಟಕಿಯ ಕಟ್ಟೆಯ ಮೇಲೆ, ಎರಡೂ ಕಾಲು ಹೊರಗೆ ಇಳಿಬಿಟ್ಟುಕೊಂಡು ಕೂತಿದ್ದ. ಅವರದು ಮೂರನೆಯ ಮಹಡಿ. ಹಿಂದಿನಿಂದ ಸೊಂಟ ತಬ್ಬಿ ಒಳಗೆಳೆದುಕೊಂಡಾಗ, "ಗಾಳಿಗೆ ಕೂತಿದ್ದೆ ಕಣೇ," ಎಂದ. ಯಾವ ಗಾಳಿಯೋ.

ಮರುದಿನದಿಂದ ಅವನನ್ನು ಬೀದಿಗೆ ಕರೆದುಕೊಂಡು ಹೊರಟಳು. ಮೊದಲು ನಡಿಗೆ, ಆಮೇಲೆ ಓಟ. ಅವಳು ಕೆಲಸ ಮಾಡುವುದು ಲಾಂಡ್ರಿಯಲ್ಲಿ. ಅಲ್ಲಿಂದ ಬಟ್ಟೆ ಗಂಟು ಕಟ್ಟುವ ಹುರಿಯ ತುಂಡೊಂದನ್ನು ತಂದು, ಎರಡು ತುದಿಗೂ ಕುಣಿಕೆ ಹಾಕಿದಳು. ಒಂದು ಅವಳ ಎಡಗೈಗೆ, ಇನ್ನೊಂದು ಅವನ ಬಲಗೈಗೆ. ಓಡುತ್ತ ಓಡುತ್ತ ಮನುಷ್ಯ ವಾಪಸು ಬಂದ. ಗಡ್ಡ ತೆಗೆದ, ಹೊಟ್ಟೆತುಂಬ ಉಂಡ, ನೀರು ಸರಬರಾಜು ಕಚೇರಿಯಲ್ಲಿ ಫೋನೆತ್ತಿ ಜನರ ದೂರು ಕೇಳುವ ಕೆಲಸ ಹಿಡಿದ. ಹೀಗಿರುವಾಗ ಮೂಳೆ ಬಿರುಕು, ಡಾಕ್ಟ್ರು ಎಂದು ಅಂಗಡಿಯವನು ಹೇಳಿದರೆ, ಓಟವೇ ನಿಲ್ಲುತ್ತದಲ್ಲ ಎಂದು ಅವಳ ಎದೆ ಧಸಕ್ಕೆನ್ನದೆ ಇನ್ನೇನು ಮಾಡೀತು?

ಆದರೂ ಶೂ ಕೊಂಡಳು. ದಪ್ಪ ಮೆತ್ತೆಯ, ಕಾಲಿಟ್ಟರೆ ಹಾಸಿಗೆಯ ಮೇಲೆ ಇಟ್ಟಂತಿರುವ ಶೂ. ಮರುದಿನ ಬೆಳಿಗ್ಗೆ ಹಾಕಿಕೊಂಡು ಓಡಿದಾಗ ಎಷ್ಟೋ ದಿನದ ಮೇಲೆ ಅವಳ ಮೂಳೆ ಸುಮ್ಮನಿತ್ತು. ಆದರೆ ಪಾರ್ಕಿನ ಮೊದಲ ತಿರುವಿನಲ್ಲೇ ಗಂಡ ತಡವರಿಸಿದ.

"ಇದ್ದೀಯಾ?"

"ಇಲ್ಲೇ ಇದ್ದೀನಲ್ರೀ. ಹುರಿ ಕೈಲಿಲ್ವಾ?"

"ಹುರಿ ಇದೆ. ನೀನು ಕೇಳಿಸ್ತಿಲ್ಲ."

ಇನ್ನೊಂದು ಸಲ ಕೇಳಿದ. ಮೂರನೆಯ ಸಲ ಕೇಳುವಷ್ಟರಲ್ಲಿ ಕಾಲು ಕಲ್ಲಂಚಿಗೆ ತಾಗಿ ಮುಗ್ಗರಿಸಿ ಬಿದ್ದ. ಅಂಗೈ ತರಚಿತು. ಎದ್ದವನು ಓಡಲಿಲ್ಲ, ಹುರಿಯನ್ನು ಮುಷ್ಟಿಗೆ ಸುತ್ತಿಕೊಂಡು ನಿಂತುಬಿಟ್ಟ. ಆಗ ಅವಳಿಗೆ ಅರ್ಥವಾಯಿತು. ಹುರಿ ದಿಕ್ಕು ತೋರಿಸುತ್ತಿತ್ತು, ಅಷ್ಟೇ. ಅವನು ಇಷ್ಟು ದಿನ ನಂಬಿ ಓಡಿದ್ದು ಕಲ್ಲಾದ ಆ ಹಳೆಯ ಸೋಲ್ ನೆಲಕ್ಕೆ ಬಡಿಯುವ ಟಪ್ ಟಪ್ ಸದ್ದನ್ನು. ಮನೆಗೆ ಬಂದವನು ಅಂಗೈ ತೊಳೆದುಕೊಂಡು ನೆಟ್ಟಗೆ ಹೋಗಿ ಕಿಟಕಿಯ ಪಕ್ಕ ಕೂತ. ಮಧ್ಯಾಹ್ನದವರೆಗೂ ಏಳಲಿಲ್ಲ.

ಅವಳು ಹೊಸ ಶೂವನ್ನು ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಳು. ಮರುದಿನ ಹಳೆಯದನ್ನೇ ಹಾಕಿಕೊಂಡಳು.

"ಈಗ ನೀನು ಬಂದೆ ನೋಡು," ಎಂದ ಗಂಡ. ಮಗುವಿನ ಹಾಗೆ ಹಿಗ್ಗಿ ಹೋದ. ತಿರುವಿನಲ್ಲಿ ಅವಳಿಗಿಂತ ಮುಂದೆ ಓಡಿದ. "ಮೂಳೆ ಹೇಗಿದೆ?" ಎಂದು ಕೇಳಿದ. "ಹೋಯ್ತು ರೀ, ಐಸ್ ಇಟ್ಟೆ," ಎಂದಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ನೋವು ಎಲ್ಲಿ ಹೋಗುತ್ತದೆ? ಮೊದಲು ಓಡುವಾಗ ಮಾತ್ರ ಇದ್ದದ್ದು ನಡೆಯುವಾಗಲೂ ಬಂತು, ಆಮೇಲೆ ಸುಮ್ಮನೆ ಕೂತಾಗಲೂ ಬಂತು. ಲಾಂಡ್ರಿಯಲ್ಲಿ ಇಡೀ ದಿನ ನಿಂತು ಇಸ್ತ್ರಿ ಹಾಕುವ ಕೆಲಸ ಬೇರೆ. ಬಲಗಾಲನ್ನು ಎತ್ತಿ ಎಡಗಾಲಿಗೆ ಒರಗಿಸಿಕೊಂಡು ಕೊಕ್ಕರೆಯ ಹಾಗೆ ನಿಲ್ಲುತ್ತಿದ್ದಳು. ಪಕ್ಕದ ಮೇಜಿನಲ್ಲಿ ಇಸ್ತ್ರಿ ಹಾಕುವ ಹಿರಿಯಳಿಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ?

"ನಿಂಗೇನು ತಲೆ ಕೆಟ್ಟಿದೆಯಾ? ಗಂಡನಿಗೆ ಹೇಳೇ."

"ಹೇಳಿದ್ರೆ ಆ ಕ್ಷಣವೇ ಓಟ ನಿಲ್ಲಿಸಿಬಿಡ್ತಾರಕ್ಕ. ನನಗೆ ಮುಳ್ಳು ಚುಚ್ಚಿದ್ರೂ ಅವರು ತಡ್ಕೊಳ್ಳಲ್ಲ. ನಿಲ್ಲಿಸಿದ್ರೆ ಮತ್ತೆ ಆ ಕುರ್ಚಿಗೆ ಹೋಗ್ತಾರೆ."

"ಬೇರೆ ಯಾರಾದ್ರೂ ಹುರಿ ಹಿಡೀಲಿ."

"ಬೇರೆಯವರ ಜೊತೆ ಒಂದು ಹೆಜ್ಜೆ ಇಡಲ್ಲ ಅವರು."

ಹೀಗೆ ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅವಳ ಮುಖ ನೋಡಿದಳು.

ಅವನಿಗೆ ಗೊತ್ತಾಗಬಾರದು ಎಂದು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಲಗಾಲು ಊರುವಾಗ ಹಲ್ಲು ಕಚ್ಚಿ, ಎಡಗಾಲಿನ ಸದ್ದಿಗೆ ಸರಿಹೊಂದುವಷ್ಟೇ ಬಲವಾಗಿ ಊರುತ್ತಿದ್ದಳು. ಕುಂಟುವ ಹಾಗಾದರೆ ಸುಮ್ಮಸುಮ್ಮನೆ ಕೆಮ್ಮುತ್ತಿದ್ದಳು, ಇಲ್ಲದಿದ್ದರೆ ಲಾಂಡ್ರಿಯ ಕಥೆ ತೆಗೆದು ಬಾಯಿತುಂಬ ಮಾತಾಡುತ್ತಿದ್ದಳು. ಊರಿನ ರಸ್ತೆ ಓಟದ ಸ್ಪರ್ಧೆ ಹತ್ತಿರ ಬರುತ್ತಿತ್ತು, ಇಬ್ಬರೂ ಹೆಸರು ಕೊಟ್ಟಿದ್ದರು. ಗಂಡ ಅದರದ್ದೇ ಜಪ ಮಾಡುತ್ತಿದ್ದ. ಅದೊಂದು ಮುಗಿಯಲಿ, ಆಮೇಲೆ ಎಲ್ಲ ಹೇಳಿ ಕಾಲಿಗೆ ವಿಶ್ರಾಂತಿ ಕೊಟ್ಟು ಕೂರುತ್ತೇನೆ ಎಂದು ಅವಳು ತನಗೆ ತಾನೇ ಮಾತು ಕೊಟ್ಟುಕೊಂಡಳು. ಅಯ್ಯೋ ಪಾಪ, ಅಲ್ಲಿಯವರೆಗೆ ಮೂಳೆ ಕಾಯಬೇಕಲ್ಲ.

ಓಟದ ದಿನ ಕೊನೆಯ ಗೆರೆ ಕಣ್ಣಿಗೆ ಕಾಣುತ್ತಿತ್ತು. ಜನ ಚಪ್ಪಾಳೆ ತಟ್ಟುವುದು ಕೇಳುತ್ತಿತ್ತು. ಗಂಡ ಹುರಿಯನ್ನು ಬಿಗಿಯಾಗಿ ಎಳೆಯುತ್ತಿದ್ದ. ಬಲಗಾಲು ಊರಿದಾಗ ಒಣ ಕಡ್ಡಿ ಮುರಿದ ಹಾಗೆ ಏನೋ ಆಯಿತು. ಅವಳು ಕುಸಿದಳು. ಹುರಿಯ ಜೊತೆಗೆ ಅವನ ಕೈಯೂ ಕೆಳಕ್ಕೆ ಜಗ್ಗಿತು, ಅವನು ಬಾಗಿ ನಿಂತ. ಇಬ್ಬರ ಪಕ್ಕದಲ್ಲೇ ಉಳಿದವರು ಓಡುತ್ತ ದಾಟಿ ಹೋದರು. ಅವಳು ನೋವಿಗೆ ಬಾಯಿ ತೆರೆದಳು, ಸದ್ದು ಹೊರಡಲಿಲ್ಲ. ಗಂಡ ನೆಲ ತಡವಿ ಅವಳ ಭುಜ ಸಿಕ್ಕಿದ ಮೇಲೆ ಮೊದಲು ಕೇಳಿದ್ದು, "ಇನ್ನೆಷ್ಟು ದೂರ ಇತ್ತು?" ಎಂದು. ಗಾಬರಿಯಲ್ಲಿ ಮನುಷ್ಯ ಏನೇನೋ ಕೇಳುತ್ತಾನೆ ಎಂದು ಅವಳು ಆಗ ಅಂದುಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಯಾವಾಗಿನಿಂದ ನೋಯ್ತಿತ್ತು?"

"ಇವತ್ತೇ," ಎಂದಳು ಅವಳು. ಪಕ್ಕದ ಸ್ಟೂಲಿನಲ್ಲಿ ಗಂಡ ಕೂತಿದ್ದ. "ನಿನ್ನೆ ಸ್ವಲ್ಪ ಇತ್ತೇನೋ."

"ಇದು ನಿನ್ನೆ ಮೊನ್ನೆಯದಲ್ಲಮ್ಮ. ಹಳೇ ಬಿರುಕು. ಬಿರುಕಿನ ಮೇಲೇ ಓಡಿ ಓಡಿ ಮುರಿದುಕೊಂಡಿದ್ದೀರಿ. ಸರಿಯಾಗಿ ಹೇಳಿದ್ರೆ ನನಗೆ ಅನುಕೂಲ."

ಆಗ ಗಂಡ ಗಂಟಲು ಸರಿಮಾಡಿಕೊಂಡ. ಯಾವಾಗಿನಿಂದ, ಎಲ್ಲಿ, ಹೇಗೆ ಎಂದು ದಿನವಿಡೀ ಫೋನಿನಲ್ಲಿ ಜನರನ್ನು ಕೇಳಿ ಕೇಳಿ ಅವನಿಗೆ ಅದೇ ಅಭ್ಯಾಸ.

"ಹೊಸ ಶೂ ತೆಗೆದಿಟ್ಟ ವಾರದಿಂದ ಜಾಸ್ತಿಯಾಯ್ತು ಡಾಕ್ಟ್ರೇ. ಮೊದಲು ಬಲಗಾಲು ಒಂಚೂರು ತಡವಾಗಿ ಬೀಳ್ತಿತ್ತು. ಆಮೇಲೆ ಹಿಮ್ಮಡಿ ಊರೋದೇ ಬಿಟ್ಟಳು, ಬೆರಳ ಮೇಲೇ ಇಳಿಸ್ತಿದ್ದಳು. ಈಚೆಗೆ ಬಲಗಾಲು ಊರಿದಾಗಲೆಲ್ಲ ಉಸಿರು ಹಿಡೀತಿದ್ದಳು. ಅದು ಕೇಳಿಸಬಾರದು ಅಂತ ಕೆಮ್ಮೋಳು. ಮನೇಲೂ ಅಷ್ಟೇ, ಅಡುಗೆಮನೆಯಿಂದ..."

ಅಲ್ಲಿಗೆ ನಿಲ್ಲಿಸಿದ. ತಾನು ಏನು ಹೇಳುತ್ತಿದ್ದೇನೆ ಎಂಬುದು ಅವನಿಗೆ ಆಗ ಹೊಳೆದಿರಬೇಕು.

"ಇಷ್ಟು ವಿವರವಾಗಿ ಯಾರೂ ಹೇಳಲ್ಲ," ಎನ್ನುತ್ತ ಬರೆದುಕೊಳ್ಳುತ್ತಿದ್ದ ಡಾಕ್ಟರಮ್ಮ ಪೆನ್ನು ನಿಲ್ಲಿಸಿ ಅವನ ಮುಖ ನೋಡಿದರು. ಆಮೇಲೆ ಅವಳ ಮುಖ ನೋಡಿದರು.

ಅವಳಿಗೆ ಆ ಹೊತ್ತಿನಲ್ಲಿ ಕಾಲು ನೋಯುವುದು ಗೊತ್ತಾಗಲೇ ಇಲ್ಲ. ಇವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವಳ ಕೆಮ್ಮಿನ ಅಡಿಯಿಂದ, ಲಾಂಡ್ರಿಯ ಕಥೆಗಳ ಅಡಿಯಿಂದ, ಒಂದೊಂದು ಹೆಜ್ಜೆಯನ್ನೂ. ಅಂಗೈ ಮತ್ತು ಬೆರಳಿನ ಮಾತನ್ನೂ ಅವನೇ ಕೂತು ಕೇಳಿದ್ದ. ಕೇಳಿಕೊಂಡು ಅವಳ ಪಕ್ಕದಲ್ಲೇ ಓಡಿದ್ದ.

ಮನೆಗೆ ಬಂದಾಗ ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ಕೂರಲು ಕಿಟಕಿಯ ಪಕ್ಕದ ಕುರ್ಚಿ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅವನು ಅಲ್ಲಿಗೆ ಹೋಗದಿರಲಿ ಎಂದು ಓಡಿದವಳು ಕೊನೆಗೆ ತಾನೇ ಬಂದು ಅದರಲ್ಲಿ ಕೂತಳು.

"ಗೊತ್ತಿತ್ತಲ್ವಾ ನಿಮಗೆ?" ಎಂದು ಕೇಳಿದಳು.

ಗಂಡ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

"ನಿಜ ಹೇಳ್ರೀ."

ಅವನು ಚೌಕಟ್ಟನ್ನು ಉಗುರಿನಿಂದ ಕೆರೆದ. "ಎಲ್ಲಿ ಹೇಳಿಬಿಡ್ತೀಯೋ ಅಂತ ಹೆದರ್ತಿದ್ದೆ. ನೀನು ಹೇಳಿದ್ರೆ ನಿಲ್ಲಿಸಲೇಬೇಕಿತ್ತು. ಹೇಳದೆ ಇದ್ದಷ್ಟು ದಿನ ನಂಗೆ ಗೊತ್ತಿಲ್ಲ ಅಂತ ಓಡಬಹುದಿತ್ತು."

"ಕಾಲು ಮುರಿಯುತ್ತೆ ಅಂತ ಗೊತ್ತಿರಲಿಲ್ವಾ?"

"ಓಟದ ದಿನದ ತನಕ ತಡೀಬಹುದು ಅಂದ್ಕೊಂಡೆ."

ಅವಳೂ ಅದನ್ನೇ ಅಂದುಕೊಂಡಿದ್ದಳು, ಅದು ಸುಳ್ಳಲ್ಲ. ಆದರೆ ಕಾಲು ಅವಳದಾಗಿತ್ತು. ಅವಳಿಗೆ ಎಂಥ ಸಿಟ್ಟು ಬಂತೆಂದರೆ ಕೈಯಲ್ಲಿದ್ದ ನೀರಿನ ಲೋಟವನ್ನು ಗೋಡೆಗೆ ಎಸೆದಳು. ಸದ್ದಿಗೆ ಅವನು ಬೆಚ್ಚಿದ. ಆಮೇಲೆ ಬಗ್ಗಿ, ನೆಲ ತಡವಿ, ಉರುಳಿದ ಲೋಟವನ್ನು ಹುಡುಕಿ ತೆಗೆದು, ಮತ್ತೆ ನೀರು ತುಂಬಿಸಿ ತಂದುಕೊಟ್ಟ. ಅವಳು ಮುಟ್ಟಲಿಲ್ಲ.

ಪ್ಲಾಸ್ಟರ್ ಇದ್ದಷ್ಟೂ ಕಾಲ ಅವನು ಚಾಕರಿಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಅನ್ನ ಮಾಡಿದ, ಬಟ್ಟೆ ಒಗೆದ, ಅವಳ ಕಾಲಿನ ಕೆಳಗೆ ದಿಂಬು ಸರಿಮಾಡಿದ. ನೋಡಲು ಬಂದ ಲಾಂಡ್ರಿಯ ಅಕ್ಕ, "ಇಂಥ ಗಂಡ ಸಿಗಬೇಕು ಕಣೇ," ಎಂದಳು. ಅವಳು ಕಿಟಕಿಯ ಕಟ್ಟೆಯನ್ನೇ ನೋಡುತ್ತಿದ್ದಳು. ಒಂದು ದಿನ ದಿಂಬು ಸರಿಮಾಡುತ್ತ ಗಂಡ ಹೇಳಿದ, "ಪ್ಲಾಸ್ಟರ್ ತೆಗೆದ ಮೇಲೆ ಆತುರ ಬೇಡ. ನಿಧಾನಕ್ಕೆ ಶುರು ಮಾಡೋಣ. ಮೊದಲು ನಡೆಯೋದು, ಆಮೇಲೆ ಒಂದೊಂದೇ ಸುತ್ತು."

ಪ್ಲಾಸ್ಟರ್ ಬಿಚ್ಚಿದ ಡಾಕ್ಟರಮ್ಮ, ಇನ್ನು ಮನೆಯೊಳಗೂ ಮೆತ್ತನೆಯ ಶೂ ಹಾಕಿಕೊಂಡೇ ಓಡಾಡಬೇಕು ಎಂದು ಕಟ್ಟಪ್ಪಣೆ ಮಾಡಿದರು. ಮರುದಿನ ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದಾಗ ಅವಳು ಅಟ್ಟದಿಂದ ಡಬ್ಬಿ ಇಳಿಸಿ, ಹೊಸ ಶೂ ಹಾಕಿಕೊಂಡು, ಲೇಸ್ ಕಟ್ಟಿ, ಎದ್ದು ನಿಂತಳು. ಕಾಲು ನೋಯಲಿಲ್ಲ.

ಗಂಡ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದ. ಗೋಡೆ ಸವರಿಕೊಂಡು ಹೋಗಿ ಮೊಳೆಯಿಂದ ಹುರಿಯನ್ನು ತೆಗೆದುಕೊಂಡ. ಒಂದು ಕುಣಿಕೆಯನ್ನು ತನ್ನ ಕೈಗೆ ಹಾಕಿಕೊಂಡು, ಇನ್ನೊಂದನ್ನು ಕಿಟಕಿಯ ಪಕ್ಕದ ಕುರ್ಚಿಯ ಕಡೆಗೆ ಚಾಚಿ ಹಿಡಿದ.

"ಬರೀ ಬಾಗಿಲ ತನಕ ನಡೆಯೋಣ. ಬರ್ತೀಯಾ?"

ಕುರ್ಚಿ ಖಾಲಿಯಿತ್ತು. ಅವಳು ಅವನ ಬೆನ್ನ ಹಿಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಿಂತಿದ್ದಳು. ಒದ್ದೆ ಕೂದಲಿನಿಂದ ಅವನ ಕತ್ತಿನ ಮೇಲೆ ನೀರು ಇಳಿಯುವುದು ಕಾಣುತ್ತಿತ್ತು.

"ಇದ್ದೀಯಾ?" ಎಂದು ಕೇಳಿದ.

ಅವಳು ಉಸಿರು ಬಿಗಿಹಿಡಿದು ಒಂದು ಹೆಜ್ಜೆ ಹಿಂದಕ್ಕಿಟ್ಟಳು, ಆಮೇಲೆ ಇನ್ನೊಂದು. ಗಂಡ ಕುರ್ಚಿಯ ಕಡೆಗೇ ಮುಖ ಮಾಡಿಕೊಂಡು ಹುರಿ ಚಾಚಿ ನಿಂತಿದ್ದ. ಅವನಿಗೆ ಏನೂ ಕೇಳಿಸಲಿಲ್ಲ.