ಹಾರಿಹೋದ ಗಿಣಿ

"ಮಮ್ಮಿ, ಬಂತ ನೋಡ" ಎಂದು ನೂತನ ಕೂಗಿದ್ದು ಮಗ್ಗಗಳ ಖಟಖಟದಲ್ಲಿ ಅರ್ಧವೇ ಕೇಳಿಸಿತು. ಕಾಂಚನ ಕೈಗೆ ಮೆತ್ತಿದ ಹತ್ತಿಯ ಹಿಂಜನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಓಡಿದಳು. ಎರಡು ಪಾಳಿ ನಿಂತು ದುಡಿದ ಕಾಲುಗಳಿಗೆ ಅಷ್ಟು ಓಟ ಎಲ್ಲಿಂದ ಬಂತೋ.

ಇಚಲಕರಂಜಿಯ ಆ ಶೆಡ್ಡಿನ ಮಗ್ಗಗಳು ಇಷ್ಟು ವರ್ಷ ಕಂಡವರ ಡಿಸೈನನ್ನೇ ನೇಯ್ದಿದ್ದವು. ಇವತ್ತು ಮೊದಲ ಸಲ ಅಂಗಿಬಟ್ಟೆಗೆ ಕಾಂಚನಳೇ ಹೊಂದಿಸಿದ ಪಟ್ಟೆಗಳನ್ನು ನೋಡಲು ವ್ಯಾಪಾರಿ ಭಾವುಸಾಹೇಬರು ಬರುವವರಿದ್ದರು. ಬಣ್ಣಗಳನ್ನು ಅವಳು ಬಾಯಲ್ಲಿ ಹೇಳಿದ್ದಳು. ಕಾಲೇಜಿನಲ್ಲಿ ಜಾವಾ ಪ್ರೋಗ್ರಾಮಿಂಗ್ ಕಲಿಯುತ್ತಿದ್ದ ಮಗಳು ನೂತನ ತಾಯಿಯ ಮಾತನ್ನು ಹಾಗೆಯೇ ಫೈಲಿನಲ್ಲಿ ಬರೆದಿದ್ದಳು. ಅವಳದೇ ಪ್ರೋಗ್ರಾಮು ಆ ಫೈಲನ್ನು ಓದಿ, ಖಾಲಿ ಜಾಗ ಸಿಕ್ಕಲ್ಲೆಲ್ಲ ಸಾಲನ್ನು ತುಂಡರಿಸಿ, ಒಂದೊಂದು ತುಂಡಿಗೆ ಒಂದೊಂದು ಪಟ್ಟೆ ಬಳಿಯಬೇಕು. ಆ ತುಂಡಿಗೆ ಟೋಕನ್ ಎನ್ನುತ್ತಾರಂತೆ.

ಮಗಳ ಲ್ಯಾಪ್‌ಟಾಪಿನ ಪರದೆಯ ಮೇಲೆ ಕೆಂಪು ಬಂದಿತ್ತು, ಹಳದಿ ಬಂದಿತ್ತು. ಆದರೆ ಪ್ರತಿ ಹಸಿರಿನ ಪಕ್ಕ ಯಾರೂ ಹೇಳದ ಒಂದು ಬಿಳಿ ಪಟ್ಟೆ. ಹಸಿರೂ ಅವಳು ಹೇಳಿದ ತಿಳಿ ಬಣ್ಣವಲ್ಲ, ದಟ್ಟನೆಯದು.

ನೂತನಳ ಮುಖ ಇಳಿಯಿತು. "ನೀ ಗಿಣಿ ಹಸರ ಅಂದಿ, ನಡುವ ಜಾಗಾ ಬಿಟ್ಟ ಬರದೆ. ಇದು ಗಿಣಿ ಬ್ಯಾರೆ ಮಾಡೇತಿ, ಹಸರ ಬ್ಯಾರೆ ಮಾಡೇತಿ. ಗಿಣಿ ಅನ್ನೂ ಬಣ್ಣ ಇದಕ್ಕ ಗೊತ್ತಿಲ್ಲ, ಬೆಳ್ಳಗ ಬಿಟ್ಟೇತಿ."

ಖಾಲಿ ಜಾಗದ ಬದಲು ಅಲ್ಪವಿರಾಮದಲ್ಲಿ ಕತ್ತರಿಸಿದರೆ ಸರಿಹೋಗುತ್ತದೆ ಎಂದು ಅವಳು ಕೀಲಿಗಳನ್ನು ಕುಟ್ಟತೊಡಗುವಷ್ಟರಲ್ಲಿ ಬಾಗಿಲಲ್ಲಿ ಬೈಕು ನಿಂತಿತು. ಭಾವುಸಾಹೇಬರು ಚಪ್ಪಲಿ ಬಿಡುತ್ತಲೇ, "ಏನ್ರಿ ವೈನಿ, ಎಲ್ಲಾರೂ ರಟ್ಟಿಗೆ ನೂಲ ಸುತ್ತಿ ಡಿಸೈನ ತೋರಸ್ತಾರ, ನಿಮ್ಮಲ್ಲಿ ಟಿವಿ ಬಂತಲ್ಲ" ಎಂದು ಕಾಲೆಳೆದರು.

ನೂತನ ಅಂಗೈಯಿಂದ ಪರದೆ ಮುಚ್ಚಿದಳು. ಕಾಂಚನಳಿಗೆ ಮಾತ್ರ ಕಣ್ಣು ಕೀಳಲಾಗಲಿಲ್ಲ. ಮಗಳ ಬೆರಳ ಸಂದಿಯಲ್ಲಿ, ಆ ಬಿಳಿಯ ಪಕ್ಕ, ಹಸಿರು ಈಗಷ್ಟೇ ನೀರು ಕುಡಿದ ಕಬ್ಬಿನಂತೆ ಎದ್ದು ನಿಂತಿತ್ತು. ಅವಳ ಎದೆಯೊಳಗೆ ಲಾಳಿ ಓಡತೊಡಗಿತು. ಮಗಳ ಕೈಯನ್ನು ಮೆಲ್ಲಗೆ ಸರಿಸಿದಳು.

ಭಾವುಸಾಹೇಬರ ನಗು ನಿಂತಿತು. ಬಟ್ಟೆಯನ್ನು ಒಯ್ಯುವಂತೆ ಲ್ಯಾಪ್‌ಟಾಪನ್ನು ಬಾಗಿಲ ಬೆಳಕಿಗೆ ಒಯ್ದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದರು.

"ಇಲ್ಲಿ ಬಿಳೇದ ಯಾರ ಹಾಕಿದ್ರಿ?"



"ಅಲ್ಲೊಂದ ಗಿಣಿ ಕುಂತಿತ್ತರಿ" ಎಂದಳು ಕಾಂಚನ. "ಹಾರಿ ಹೋಗೇತಿ."

"ಹೋಗಲಿ ಬಿಡ್ರಿ, ತಿರುಗಿ ಕರಿಬ್ಯಾಡ್ರಿ." ಅವರು ಪರದೆಯಿಂದ ಕಣ್ಣೆತ್ತದೆಯೇ ಹೇಳಿದರು. "ಒಂದ ಭೀಮ ಹಾಕ್ರಿ."

ಒಂದು ಭೀಮ ಎಂದರೆ ಇಡೀ ಮಗ್ಗಕ್ಕೆ ದಿನಗಟ್ಟಲೆ ಸಾಲುವ ಹಾಸುನೂಲು, ಅಷ್ಟು ದೊಡ್ಡ ಆರ್ಡರು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಅಲ್ಲೇ ನಕ್ಕುಬಿಡುತ್ತಿದ್ದರು.

ನೂತನ ಆಮೇಲೆ ಪ್ರೋಗ್ರಾಮಿಗೆ ಅಲ್ಪವಿರಾಮ ಕಲಿಸಿದಳು. ಬಿಳಿ ಪಟ್ಟೆ ಬಳಿದ ಹಳೆಯದನ್ನು ಅಳಿಸಲು ಮಾತ್ರ ತಾಯಿ ಬಿಡಲಿಲ್ಲ. ಕಾಂಚನ ಹಾಸು ಸುತ್ತುವ ಚೌಕಟ್ಟಿಗೆ ನೂಲಿನ ಕೋನುಗಳನ್ನು ಒಂದೊಂದಾಗಿ ಸಿಗಿಸುತ್ತಿದ್ದಳು. ಹಸಿರಿನ ಪಕ್ಕದ ಗೂಟ ಬಂದಾಗ ಬಿಳಿಯ ಕೋನನ್ನು ಎರಡೂ ಕೈಯಲ್ಲಿ ಹಿಡಿದು ಕೂರಿಸಿ, ಒಂದು ಗಳಿಗೆ ಹಾಗೆಯೇ ಹಿಡಿದುಕೊಂಡಳು.